ಅಟ್ಟದ ಮೇಲಿದ್ದ 486

2025ರ ನವೆಂಬರ್‌ನಲ್ಲಿ ಗುಂಡ್ಲುಪೇಟೆಯ ನಮ್ಮ ಹಳೆಯ ಮನೆಯ ಹೆಂಚು ಬದಲಾಯಿಸಬೇಕಾಗಿ ಬಂದು ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದೆವು. ಕಾಲು ಮುರಿದ ತೊಟ್ಟಿಲು, ಅಮ್ಮಿಯ ತಾಮ್ರದ ಹಂಡೆ, ಅಬ್ಬಾನ ರೇಡಿಯೋ ಅಂಗಡಿಯಿಂದ ಬಂದ ನಾಲ್ಕು ಮರದ ಪೆಟ್ಟಿಗೆಗಳು, ಅವುಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಒಂದು ಕಂಪ್ಯೂಟರ್. ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕರೆದು ತೋರಿಸಿದೆ. ಅವನು ಕಂಪ್ಯೂಟರ್ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಕ ನೋಡಿ, "ನೂರೈವತ್ತು ಕೊಡ್ತೀನಿ ಭಾಯ್. ಮಾನಿಟರ್ ಬೇಡ, ಆ ಗಾಜನ್ನ ಈಗ ಯಾರೂ ತಗೊಳ್ಳಲ್ಲ" ಎಂದ.

ಬೆಲೆ ನ್ಯಾಯವಾಗಿಯೇ ಇತ್ತು. ಆ ಯಂತ್ರ ನಮ್ಮ ಮನೆಗೆ ಬಂದದ್ದೂ ಗುಜರಿಯಿಂದಲೇ. ಆದರೂ ಯಾಕೋ ಬಾಯಿಂದ 'ತಗೊಂಡು ಹೋಗು' ಎಂಬ ಮಾತು ಬರಲಿಲ್ಲ. "ನಾಳೆ ಬಾ" ಎಂದು ಕಳಿಸಿದೆ.

2002ರ ಮಾತು. ಚಾಮರಾಜನಗರ ಜಿಲ್ಲೆಯಾಗಿ ಆಗ ಐದು ವರ್ಷ. ನನ್ನ ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಕಂಪ್ಯೂಟರ್ ಕಲಿಯಬೇಕೆಂದು ಹಟ. ಜಿಲ್ಲಾ ಕೇಂದ್ರದ ಒಂದು ಕಂಪ್ಯೂಟರ್ ತರಗತಿಯಲ್ಲಿ ವಿಚಾರಿಸಿದಾಗ ಆರು ತಿಂಗಳಿಗೆ ಮೂರು ಸಾವಿರ ಎಂದರು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಸುಮಾರು 35 ಕಿಲೋಮೀಟರ್. ದಿನಾ ಹೋಗಿ ಬರುವ ಬಸ್ ಚಾರ್ಜು ಬೇರೆ. ಮುಸ್ಲಿಂ ಹುಡುಗಿಯರು ಓದು ನಿಲ್ಲಿಸಿದರೆ ಜನ ಕೂಡಲೇ ಪರ್ದಾದ ಮೇಲೆ ತಪ್ಪು ಹೊರಿಸುತ್ತಾರೆ. ನಮ್ಮ ಮನೆಯಲ್ಲಿ ಅಡ್ಡ ಬಂದದ್ದು ಪರ್ದಾ ಅಲ್ಲ, ಮೂರು ಸಾವಿರ. ಬಸ್ ಸ್ಟ್ಯಾಂಡಿನ ಹತ್ತಿರ ಅಬ್ಬಾನದು ಎಂಟಡಿ-ಹತ್ತಡಿಯ ರೇಡಿಯೋ ರಿಪೇರಿ ಅಂಗಡಿ. ಟಿ.ವಿ. ಬಂದ ಮೇಲೆ ರೇಡಿಯೋ ಕೆಲಸ ಅರ್ಧ ಆಗಿತ್ತು, ಎಸೆದು ಹೊಸದು ಕೊಳ್ಳುವ ಕಾಲ ಬಂದ ಮೇಲೆ ಉಳಿದರ್ಧವೂ ಕರಗುತ್ತಿತ್ತು.

ಬೆಂಗಳೂರಿನಲ್ಲಿ ಅಮ್ಮಿಯ ತಮ್ಮ, ನಮ್ಮ ಮಾಮು, ಗುಜರಿ ವ್ಯಾಪಾರ ಮಾಡುತ್ತಿದ್ದರು. ಸದರ್ ಪತ್ರಪ್ಪ ರಸ್ತೆಯ ಕಡೆಯಿಂದ ಅವರಿಗೆ ಸಾಮಾನು ಬರುತ್ತಿತ್ತು. ಕಂಪನಿಗಳು ಹಳೆಯ ಕಂಪ್ಯೂಟರುಗಳನ್ನು ಲಾಟುಗಟ್ಟಲೆ ಹೊರಹಾಕುತ್ತಿದ್ದ ವರ್ಷಗಳವು. ತಂಗಿಯ ಹಟದ ಸುದ್ದಿ ಕೇಳಿದ ಮಾಮು, ಟೊಮೇಟೊ ಇಳಿಸಿ ಖಾಲಿ ವಾಪಸು ಬರುತ್ತಿದ್ದ ಲಾರಿಯಲ್ಲಿ ಒಂದು ಯಂತ್ರ ಕಳಿಸಿಕೊಟ್ಟರು. ಕೀಬೋರ್ಡಿನಲ್ಲಿ ಎರಡು ಕೀಲಿ ಇರಲಿಲ್ಲ. ಪೆಟ್ಟಿಗೆಯೊಳಗೆ ಒಣಗಿದ ಟೊಮೇಟೊ ಎಲೆ ಇತ್ತು.

ಯಂತ್ರದ ಜಾತಕ ಹೀಗಿತ್ತು: ಇಂಟೆಲ್ 486 ಎಸ್‌ಎಕ್ಸ್ ಪ್ರೊಸೆಸರ್, 33 ಮೆಗಾಹರ್ಟ್ಸ್ ವೇಗ, 16 ಎಂಬಿ ಮೆಮೊರಿ, 420 ಎಂಬಿ ಹಾರ್ಡ್ ಡಿಸ್ಕ್. ಇವತ್ತು ಕೈಯಲ್ಲಿರುವ ಮೊಬೈಲಿನ ನಾಲ್ಕೈದು ಫೋಟೋ ಹಾಕಿದರೆ ಆ ಮೆಮೊರಿ ತುಂಬಿ ಹೋಗುತ್ತದೆ. ಸಿ.ಡಿ. ಡ್ರೈವ್ ಇಲ್ಲ, ಫ್ಲಾಪಿ ಮಾತ್ರ. ಡಿಸ್ಕಿನಲ್ಲಿ ಏನೂ ಇರಲಿಲ್ಲ. ಅಂದರೆ ಆಪರೇಟಿಂಗ್ ಸಿಸ್ಟಂ ಇಲ್ಲ. ಕಂಪ್ಯೂಟರಿನ ಕಬ್ಬಿಣಕ್ಕೂ ನಾವು ಒತ್ತುವ ಕೀಲಿಗೂ ನಡುವೆ ನಿಂತು ಇಬ್ಬರಿಗೂ ದುಭಾಷಿಯಾಗಿ ಕೆಲಸ ಮಾಡುವ ತಂತ್ರಾಂಶ ಅದು. ಅದಿಲ್ಲದಿದ್ದರೆ ಯಂತ್ರ ಬರೀ ಹೀಟರು.

ಚಾಮರಾಜನಗರದಲ್ಲಿ ಒಬ್ಬ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದೆ. "ಎಕ್ಸ್‌ಪಿ ಬಂದಿದೆ, ಅದಕ್ಕೆ 64 ಎಂಬಿ ಬೇಕು. 98 ಹಾಕೋಣ ಅಂದ್ರೂ ಇದು ಎಸ್‌ಎಕ್ಸ್, ಕೋಪ್ರೊಸೆಸರ್ ಇಲ್ಲ. ಡಿಎಕ್ಸ್ ಬೇಕಿತ್ತು. ತೂಕಕ್ಕೆ ಹಾಕಿಬಿಡಿ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೋಪ್ರೊಸೆಸರ್ ಎಂದರೆ ದಶಾಂಶ, ಭಿನ್ನರಾಶಿಯ ಲೆಕ್ಕಗಳನ್ನು ಬೇಗ ಮಾಡುವ ಸಹಾಯಕ ಭಾಗ. 1989ರಲ್ಲಿ ಬಂದ ಮೊದಲ 486ರಲ್ಲಿ ಅದು ಚಿಪ್ಪಿನೊಳಗೇ ಇತ್ತು. 1991ರಲ್ಲಿ ಕಡಿಮೆ ಬೆಲೆಯ ಎಸ್‌ಎಕ್ಸ್ ಮಾಡಿದಾಗ ಅದನ್ನು ಬಿಟ್ಟರು. ಬಿಟ್ಟರು ಎಂದರೂ ಸರಿಯಲ್ಲ: ಮೊದಮೊದಲ ಎಸ್‌ಎಕ್ಸ್ ಚಿಪ್ಪುಗಳಲ್ಲಿ ಆ ಭಾಗ ಒಳಗೇ ಇದ್ದು, ಕೆಲಸ ಮಾಡದ ಹಾಗೆ ಮುಚ್ಚಲಾಗಿತ್ತು. ಇರುವ ಕೋಣೆಗೆ ಬೀಗ ಹಾಕಿ ಮನೆಯನ್ನು ಕಡಿಮೆ ಬಾಡಿಗೆಗೆ ಕೊಟ್ಟ ಹಾಗೆ.

ಲಿನಕ್ಸ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಶುಂಠಿಯ ಜೊತೆ. ಸುಲ್ತಾನ್ ಬತ್ತೇರಿ ಕಡೆಯವರು ನಮ್ಮ ತಾಲ್ಲೂಕಿನಲ್ಲಿ ಭೂಮಿ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದು ಇಲ್ಲಿನವರಿಗೆ ಗೊತ್ತು. ಅಂಥ ಒಬ್ಬರು ಅಬ್ಬಾನ ಹತ್ತಿರ ಟೇಪ್ ರೆಕಾರ್ಡರ್ ರಿಪೇರಿಗೆ ಕೊಡುತ್ತಿದ್ದರು. ಅವರ ಮಗ ಕಲ್ಲಿಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಯಂತ್ರ ನೋಡಿ, "ಇದಕ್ಕೆ ಡೆಬಿಯನ್ ಹಾಕಬಹುದು" ಎಂದ. ಡೆಬಿಯನ್ ಎಂಬುದು ಲಿನಕ್ಸಿನ ಒಂದು ರೂಪ. ಅದರ 3.0 ಆವೃತ್ತಿ, 'ವುಡಿ' ಅಂತ ಹೆಸರು, ಅದೇ ಜುಲೈನಲ್ಲಿ ಬಿಡುಗಡೆಯಾಗಿತ್ತು. 12 ಎಂಬಿ ಮೆಮೊರಿ, 110 ಎಂಬಿ ಡಿಸ್ಕು ಇದ್ದರೆ ಸಾಕು. ಹನ್ನೊಂದು ಬಗೆಯ ಪ್ರೊಸೆಸರುಗಳ ಮೇಲೆ ಅದು ಓಡುತ್ತಿತ್ತು.

ಅಬ್ಬಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಇದರ ನಕ್ಷೆ ಸಿಗುತ್ತಾ?"

ಹಳೆಯ ವಾಲ್ವ್ ರೇಡಿಯೋಗಳಲ್ಲಿ ಕೆಲವದರ ಹಿಂಬದಿಯ ಹಲಗೆಯ ಒಳಗಡೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿದ್ದರು. ಯಾವ ವಾಲ್ವ್ ಎಲ್ಲಿದೆ, ಯಾವ ರೆಸಿಸ್ಟರಿನ ಬೆಲೆ ಎಷ್ಟು, ಎಲ್ಲ ಅದರಲ್ಲಿ. ಇಂಗ್ಲೆಂಡಿನಲ್ಲೋ ಹಾಲೆಂಡಿನಲ್ಲೋ ರೂಪಿಸಿದ ಸೆಟ್ಟನ್ನು ಗುಂಡ್ಲುಪೇಟೆಯಲ್ಲಿ ನಾಲ್ಕನೇ ಕ್ಲಾಸು ಓದಿದವರು ರಿಪೇರಿ ಮಾಡುತ್ತಿದ್ದದ್ದು ಆ ಕಾಗದದ ಬಲದಿಂದ. ನಕ್ಷೆ ಇದ್ದ ಸೆಟ್ಟನ್ನು ಅಬ್ಬಾ ಎಂದೂ 'ಹಳೆಯದು' ಎನ್ನುತ್ತಿರಲಿಲ್ಲ. ಬೇಕಾದ ವಾಲ್ವ್ ಸಿಗದಿದ್ದರೆ ಬೇರೊಂದು ವಾಲ್ವಿಗೆ ಹೊಂದುವಂತೆ ತಂತಿ ತಿರುಗಿಸಿ ಕೂರಿಸುತ್ತಿದ್ದರು.

ಶುಂಠಿಯವರ ಮಗ ನಕ್ಕು, "ನಕ್ಷೆಯೇ ಸಿಗುತ್ತೆ ಕಾಕಾ. ಇದರದ್ದು ನಕ್ಷೆ ಕೊಡಲೇಬೇಕು ಅಂತ ಕಾನೂನು" ಎಂದ. ಅವನು ಹೇಳಿದ ಕಾನೂನು ಜಿಪಿಎಲ್ ಎಂಬ ಪರವಾನಗಿ, ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಬರೆದದ್ದು. ಈ ತಂತ್ರಾಂಶವನ್ನು ಯಾರಿಗಾದರೂ ಕೊಟ್ಟರೆ ಅದರ ಮೂಲ ಬರಹವನ್ನೂ ಕೊಡಬೇಕು, ಪಡೆದವರು ಅದನ್ನು ತಿದ್ದಬಹುದು, ತಿದ್ದಿದ್ದನ್ನು ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಅಬ್ಬಾ ತಲೆಯಾಡಿಸಿ ತಮ್ಮ ಸೋಲ್ಡರಿಂಗ್ ಕಡ್ಡಿಯ ಕಡೆ ತಿರುಗಿದರು. ಅನುಮತಿ ಸಿಕ್ಕಿತು ಎಂದು ಅರ್ಥ.

ಮುಂದಿನದು ಬರೆಯುವಾಗ ಈಗಲೂ ನಗು ಬರುತ್ತದೆ. ಯಂತ್ರ ಸಿ.ಡಿ. ಓದದು. ಆದ್ದರಿಂದ ಶುರು ಮಾಡುವ ತಂತ್ರಾಂಶವನ್ನು 1.44 ಎಂಬಿಯ ಫ್ಲಾಪಿಗಳಿಗೆ ಇಳಿಸಬೇಕು. ಉಳಿದ ಭಾರಿ ಕಡತಗಳಿಗೆ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಬೇಕು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಚಾಮರಾಜನಗರದ ಬಸ್ ಹತ್ತಿದೆ. ಅಲ್ಲಿ ಒಬ್ಬ ಸೈಬರ್ ಕೆಫೆಯವರು ತಮ್ಮ ಯಂತ್ರಕ್ಕೆ ಅದನ್ನು ಜೋಡಿಸಿ, ಶುಂಠಿಯವರ ಮಗ ಕೊಟ್ಟ ಸಿ.ಡಿ.ಗಳಿಂದ ಕಡತ ಹಾಕಿಕೊಟ್ಟರು, ಆರು ಫ್ಲಾಪಿಗಳನ್ನೂ ತಯಾರು ಮಾಡಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ, ಟೀಯನ್ನೂ ಅವರೇ ಕುಡಿಸಿದರು. ಸಂಜೆ ಅಂಗಡಿಗೆ ಬಂದು ಫ್ಲಾಪಿಗಳನ್ನು ಜೋಪಾನವಾಗಿ ಎತ್ತರದಲ್ಲಿಟ್ಟೆ. ಮಾರನೆಯ ದಿನ ನೋಡಿದರೆ ಆರರಲ್ಲಿ ನಾಲ್ಕು ಫ್ಲಾಪಿ ಓದುತ್ತಲೇ ಇಲ್ಲ. ನಾನು 'ಜೋಪಾನವಾಗಿ' ಇಟ್ಟದ್ದು ಹಳೆಯ ಲೌಡ್‌ಸ್ಪೀಕರುಗಳ ಮೇಲೆ. ಸ್ಪೀಕರಿನೊಳಗೆ ಅಂಗೈಯಗಲದ ಅಯಸ್ಕಾಂತ. ಫ್ಲಾಪಿಯ ಮೇಲಿನ ಬರಹವೂ ಅಯಸ್ಕಾಂತದ್ದೇ. ರೇಡಿಯೋ ಅಂಗಡಿಯಲ್ಲಿ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಇದು! ಅಬ್ಬಾ ಬೈಯಲಿಲ್ಲ. ಅಂದು ಸಂಜೆಯವರೆಗೂ ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳಿದರು, ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಎರಡನೇ ಸಲದ ಫ್ಲಾಪಿಗಳಿಂದ ಲಿನಕ್ಸ್ ಏನೋ ಏರಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಚಿತ್ರವಿಲ್ಲ, ಮೌಸ್ ಇಲ್ಲ. ಹಳ್ಳಿಯಿಂದ ರೇಡಿಯೋ ತಂದಿದ್ದ ಒಬ್ಬರು ಬಹಳ ಹೊತ್ತು ನೋಡಿ, "ಸಾಬ್ರೇ, ಇದ್ರಲ್ಲೂ ಪಾಣಿ ಬತ್ತದಾ?" ಎಂದು ಕೇಳಿದರು. ಭೂಮಿ ಯೋಜನೆಯಿಂದಾಗಿ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕಂಪ್ಯೂಟರಿನಿಂದ ಬರಲು ಶುರುವಾಗಿದ್ದ ಕಾಲ. ಕಂಪ್ಯೂಟರ್ ಎಂದರೆ ಪಹಣಿ ಕೊಡುವ ಪೆಟ್ಟಿಗೆ ಎಂದೇ ಬಹಳ ಜನರ ತಿಳಿವಳಿಕೆ.

ಆದರೆ ಯಂತ್ರ ಏದುಸಿರು ಬಿಡುತ್ತಿತ್ತು. ಎಲ್ಲ ಬಗೆಯ ಕಂಪ್ಯೂಟರುಗಳಿಗೂ ಆಗಲಿ ಎಂದು ಮಾಡಿದ ಕರ್ನೆಲ್ ಅದು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ನಮ್ಮಲ್ಲಿ ಇಲ್ಲದ ನೂರೆಂಟು ಸಾಧನಗಳ ವಿವರ ಹೊತ್ತುಕೊಂಡು 16 ಎಂಬಿಯಲ್ಲಿ ಕೂತಿತ್ತು. ನಾಲ್ಕು ಕೆಲಸ ಒಟ್ಟಿಗೆ ಕೊಟ್ಟರೆ ಡಿಸ್ಕಿನ ದೀಪ ಆರುತ್ತಲೇ ಇರಲಿಲ್ಲ. ಇದಕ್ಕೆ ಉಪಾಯವೆಂದರೆ ಕರ್ನೆಲ್ಲಿನ ಮೂಲ ಬರಹ ತೆಗೆದುಕೊಂಡು, ನಮ್ಮ ಯಂತ್ರಕ್ಕೆ ಬೇಕಾದಷ್ಟನ್ನೇ ಇಟ್ಟು, ಹೊಸದಾಗಿ ಕಟ್ಟುವುದು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಅದು ಹುಟ್ಟಿದ ಯಂತ್ರದಿಂದ ಪೂರ್ತಿ ಬೇರೆ ಬಗೆಯ ಯಂತ್ರಕ್ಕೆ ಒಗ್ಗಿಸುವುದನ್ನು ಪೋರ್ಟಿಂಗ್ ಎನ್ನುತ್ತಾರೆ. ಅದು ದೊಡ್ಡವರ ಕೆಲಸ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸನ್ನು 1973ರಲ್ಲಿ ಸಿ ಭಾಷೆಯಲ್ಲಿ ಮರುಬರೆದ ಮೇಲೆಯೇ ಆ ದಾರಿ ತೆರೆದದ್ದು. 1977ರಲ್ಲಿ ಆಸ್ಟ್ರೇಲಿಯಾದ ವುಲ್ಲಂಗಾಂಗ್ ವಿಶ್ವವಿದ್ಯಾಲಯದ ರಿಚರ್ಡ್ ಮಿಲ್ಲರ್ ಅದನ್ನು ಇಂಟರ್‌ಡೇಟಾ ಎಂಬ ಬೇರೆಯೇ ಯಂತ್ರಕ್ಕೆ ಒಯ್ದರು. ಅದೇ ಹೊತ್ತಿಗೆ ಬೆಲ್ ಲ್ಯಾಬ್ಸಿನವರೂ ಅದೇ ಸಾಲಿನ ಇನ್ನೊಂದು ಯಂತ್ರದ ಮೇಲೆ ಆ ಕೆಲಸ ಮಾಡುತ್ತಿದ್ದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದಾಗ, ಇದು ತನ್ನ 386 ಯಂತ್ರಕ್ಕೇ ಅಂಟಿಕೊಂಡದ್ದು, ಬೇರೆ ಕಡೆ ಒಯ್ಯಲಾಗದು ಎಂದೇ ಅವನ ಎಣಿಕೆ. ಹತ್ತು ವರ್ಷದಲ್ಲಿ ಅದು ಹೋಗದ ಯಂತ್ರವೇ ಇಲ್ಲ ಎನ್ನುವಂತಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ, ಅಂಗೈಯಲ್ಲಿ ಹಿಡಿಯುವ 'ಸಿಂಪ್ಯೂಟರ್' ಎಂಬ ಸಾಧನ ಮಾಡಿದರು. ಸ್ಟ್ರಾಂಗ್‌ಆರ್ಮ್ ಎಂಬ ಪ್ರೊಸೆಸರಿನ ಮೇಲೆ ಲಿನಕ್ಸ್ ಓಡಿಸಿ, ಓದು ಬಾರದವರಿಗೂ ಕಂಪ್ಯೂಟರ್ ದಕ್ಕಲಿ ಎಂದು. ಪತ್ರಿಕೆಯಲ್ಲಿ ಅದರ ಚಿತ್ರ ಬಂದದ್ದನ್ನು ತಂಗಿ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದಳು. ಆ ಸಾಧನ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಒಳ್ಳೆಯ ಕೆಲಸಗಳೆಲ್ಲ ನಿಲ್ಲಬೇಕೆಂದೇನೂ ಇಲ್ಲವಲ್ಲ.

ನಾವು ಮಾಡಿದ್ದು ಅಷ್ಟು ದೊಡ್ಡದಲ್ಲ, ದರ್ಜಿಯ ಕೆಲಸ. ಯಾರೋ ಹೊಲಿದ ದೊಡ್ಡ ಅಂಗಿಯ ಹೊಲಿಗೆ ಬಿಚ್ಚಿ ನಮ್ಮ ಮಗುವಿನ ಅಳತೆಗೆ ಹೊಲಿಯುವುದು. ಆದರೆ ಹೊಲಿಗೆ ಬಿಚ್ಚಲು ಬಟ್ಟೆಯ ಒಳಮಗ್ಗುಲು ಕಾಣಬೇಕು. ಅದು ಕಂಡದ್ದೇ ಲಿನಕ್ಸಿನಲ್ಲಿ.

ತಂಗಿ ಒಂದು ಹಳೆಯ ಡೈರಿ ಹಿಡಿದು ಕೂತಳು. ಕರ್ನೆಲ್ ಒಂದೊಂದೇ ಪ್ರಶ್ನೆ ಕೇಳುತ್ತದೆ: ಈ ಸಾಧನ ಬೇಕೇ, ಬೇಡವೇ? ಅವಳು ನಿಘಂಟು ನೋಡಿ ಅರ್ಥ ಬರೆದುಕೊಂಡು ನನ್ನನ್ನು ಕೇಳುತ್ತಾಳೆ, ನಾನು ಪೆಟ್ಟಿಗೆ ಬಿಚ್ಚಿ ನೋಡಿ ಇದೆ, ಇಲ್ಲ ಎನ್ನುತ್ತೇನೆ. ಹದಿನಾರು ವರ್ಷದ ಹುಡುಗಿ. ಮೂರು ಸಾವಿರದ ತರಗತಿಯಲ್ಲಿ ಆಗ ಪರದೆಯ ಮೇಲೆ ಹೂವು ಬಿಡಿಸುವುದು, ಕಾಗದ ಬರೆಯುವುದು ಕಲಿಸುತ್ತಿದ್ದರು. ಇವಳು ಇಂಟರಪ್ಟ್ ಎಂದರೇನು ಎಂದು ಅಬ್ಬಾನಿಗೆ ವಿವರಿಸುತ್ತಿದ್ದಳು: "ನೀವು ಸೋಲ್ಡರ್ ಮಾಡ್ತಾ ಇರ್ತೀರ ಅಬ್ಬಾ, ಗಿರಾಕಿ ಬಂದು ಮೇಜು ಕುಟ್ತಾರೆ, ನೀವು ಕಡ್ಡಿ ಕೆಳಗಿಟ್ಟು ಅವರನ್ನ ಕಳಿಸಿ ಮತ್ತೆ ಬಿಟ್ಟಲ್ಲಿಂದ ಶುರು ಮಾಡ್ತೀರಲ್ಲ, ಅದು."

ರಮಝಾನ್ ತಿಂಗಳು, ಆ ವರ್ಷ ನವೆಂಬರಿನಲ್ಲಿ ಬಂದಿತ್ತು. ತರಾವೀಹ್ ಮುಗಿಸಿ ಬಂದು ಕಂಪೈಲ್ ಶುರು ಮಾಡಿದೆವು. ಅಂದರೆ ಮನುಷ್ಯ ಓದಬಲ್ಲ ಮೂಲ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕೆಲಸ. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಬೀಳುತ್ತಿದ್ದವು, ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಬಿದ್ದ ಹಾಗೆ. ಹನ್ನೆರಡೂವರೆಗೆ ಕರೆಂಟು ಹೋಯಿತು. ನನಗೆ ಅಳುವೇ ಬಂತು. ಎರಡು ಗಂಟೆಗೆ ಕರೆಂಟು ಬಂದಾಗ ಯಂತ್ರ ತನ್ನ ಡಿಸ್ಕನ್ನೆಲ್ಲ ತಡಕಾಡಿ ಪರೀಕ್ಷೆ ಮಾಡಿಕೊಂಡು ಎದ್ದಿತು. ತಂಗಿ ಅದೇ ಆಜ್ಞೆ ಮತ್ತೆ ಕೊಟ್ಟಳು. ಮುಗಿದ ಕಡತಗಳನ್ನೆಲ್ಲ ಅದು ಬಿಟ್ಟು, ನಿಂತಲ್ಲಿಂದ ಮುಂದುವರಿಯಿತು! 'ಮೇಕ್' ಎಂಬ ಆ ಪುಟ್ಟ ತಂತ್ರಾಂಶ ಯಾವುದು ಆಗಿದೆ, ಯಾವುದು ಬಾಕಿ ಎಂದು ಕಡತಗಳ ಸಮಯ ನೋಡಿ ಲೆಕ್ಕ ಹಾಕುತ್ತದೆ. ಅದನ್ನು ಬರೆದವರಿಗೆ ನಮ್ಮೂರಿನ ಕರೆಂಟಿನ ವಿಷಯ ಗೊತ್ತಿತ್ತೇನೋ ಅನ್ನಿಸಿತು. ಸಹರಿಗೆ ಎಬ್ಬಿಸಲು ಬಂದ ಅಮ್ಮಿ ನಮ್ಮಿಬ್ಬರನ್ನು ಅದರ ಮುಂದೆಯೇ ನೋಡಿ, "ಇದಕ್ಕೂ ಒಂದು ತಟ್ಟೆ ಹಾಕಲಾ?" ಎಂದರು. ಮಾರನೆಯ ದಿನ ಅಸರ್ ಹೊತ್ತಿಗೆ ಕೆಲಸ ಮುಗಿಯಿತು.

ಹೊಸ ಕರ್ನೆಲ್ ಹಾಕಿ ಯಂತ್ರವನ್ನು ಏಳಿಸಿದೆವು. ನಾಲ್ಕು ಸಾಲು ಬಂತು, ನಿಂತಿತು. ಗಣಿತದ ಕೋಪ್ರೊಸೆಸರ್ ಕಾಣಲಿಲ್ಲ, ಅದರ ಬದಲಿ ವ್ಯವಸ್ಥೆಯೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ ಇನ್ನೊಂದು ಸಾಲು. ತಂಗಿ ನಿಘಂಟು ತೆಗೆದು ಕನ್ನಡ ಮಾಡಿದಳು: "ಕೈಚೆಲ್ಲುತ್ತಿದ್ದೇನೆ."

ಯಂತ್ರವೊಂದು ಇಷ್ಟು ಪ್ರಾಮಾಣಿಕವಾಗಿ ಮಾತಾಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಗಡಿಯವರು ಹೇಳಿದ ಅದೇ ಕೋಪ್ರೊಸೆಸರ್. ಅಬ್ಬಾನಿಗೆ ಹೇಳಿದೆವು. ಅವರು ಇಫ್ತಾರಿನ ಖರ್ಜೂರದ ಬೀಜ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿ, "ಒಂದು ವಾಲ್ವ್ ಇಲ್ಲದ ಸೆಟ್ಟು. ಅದರ ಕೆಲಸವನ್ನ ಇರೋ ವಾಲ್ವುಗಳ ಮೇಲೆ ಹಾಕಬೇಕು. ನಿಧಾನ ಆಗುತ್ತೆ, ಆದ್ರೆ ಆಗುತ್ತೆ. ನಕ್ಷೆಯಲ್ಲಿ ಹುಡುಕಿ" ಎಂದರು. ಮೊದಲಿನ ಕರ್ನೆಲ್ಲನ್ನು ಅಳಿಸದೆ ಇಟ್ಟಿದ್ದೆವು, ಅದರಲ್ಲಿ ಏಳಿಸಿ ಹುಡುಕಿದೆವು. ಅಬ್ಬಾ ಹೇಳಿದ್ದು ಅಕ್ಷರಶಃ ಅಲ್ಲಿತ್ತು. ಆಸ್ಟ್ರೇಲಿಯಾದ ಬಿಲ್ ಮೆಟ್ಜೆಂತೆನ್ ಎಂಬುವರು ಕೋಪ್ರೊಸೆಸರ್ ಮಾಡುವ ಲೆಕ್ಕಗಳನ್ನೆಲ್ಲ ಮೂಲ ಪ್ರೊಸೆಸರಿನ ಕೈಯಲ್ಲೇ ಮಾಡಿಸುವ ತಂತ್ರಾಂಶ ಬರೆದು ಲಿನಕ್ಸಿಗೆ ಕೊಟ್ಟಿದ್ದರು. ನಾವು ಪ್ರಶ್ನೋತ್ತರದಲ್ಲಿ ಅದನ್ನು 'ಬೇಡ' ಎಂದುಬಿಟ್ಟಿದ್ದೆವು, ಅಷ್ಟೇ. ತಂಗಿ ಡೈರಿಯಲ್ಲಿ ಆ 'ಬೇಡ'ವನ್ನು ಹೊಡೆದು 'ಬೇಕು' ಎಂದು ಬರೆದಳು. ಮತ್ತೊಂದು ರಾತ್ರಿ ಕಂಪೈಲ್. ಈ ಸಲ ಯಂತ್ರ ಕೈಚೆಲ್ಲಲಿಲ್ಲ. ಉಳಿದ ಮೆಮೊರಿ ಒಂದು ಎಂಬಿಯಷ್ಟು ಹೆಚ್ಚಾಗಿತ್ತು. ಹದಿನಾರರಲ್ಲಿ ಒಂದು! ಇವತ್ತಿನ ಮಕ್ಕಳಿಗೆ ಆ ಖುಷಿ ತಿಳಿಸುವುದು ಕಷ್ಟ.

ಒಂದು ಕೊರಗು ಮಾತ್ರ ಉಳಿಯಿತು. ಆ ಪರದೆಯಲ್ಲಿ ಕನ್ನಡ ಬರಲಿಲ್ಲ. ಅಂಥ ಬರಹದ ಪರದೆಯಲ್ಲಿ ಅಕ್ಷರಕ್ಕೊಂದು ಸಮನಾದ ಚೌಕ, ಒಟ್ಟು 256, ಹೆಚ್ಚೆಂದರೆ 512 ಆಕಾರಗಳು. ನಮ್ಮ ಒತ್ತಕ್ಷರ, ಕೊಂಬು, ದೀರ್ಘಗಳು ಆ ಚೌಕಕ್ಕೆ ಕೂರುವುದಿಲ್ಲ. ಬರಹ, ನುಡಿ ಬಂದಿದ್ದವು, ಆದರೆ ಅವು ವಿಂಡೋಸಿಗೆ. ಪೂರ್ಣಚಂದ್ರ ತೇಜಸ್ವಿಯವರಂಥವರು ಕಂಪ್ಯೂಟರಿನಲ್ಲಿ ಕನ್ನಡ ಹಿಂದೆ ಬೀಳುತ್ತಿದೆ ಎಂದು ಹೇಳುತ್ತಿದ್ದದ್ದು ಎಷ್ಟು ನಿಜ ಎಂದು ನನಗೆ ತಿಳಿದದ್ದು ಆ ಕಪ್ಪು ಪರದೆಯ ಮುಂದೆ. ತಂಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದಳು. ಅಂಗಡಿಯ ಲೆಕ್ಕ ಬರೆಯುವ ಒಂದು ಪುಟ್ಟ ಪ್ರೋಗ್ರಾಂ ತಾನೇ ಮಾಡಿದಳು: ಚೀಟಿ ನಂಬರು, ಹೆಸರು, ಊರು, ಸೆಟ್ಟು, ಏನು ಹಾಳಾಗಿದೆ, ಬಾಕಿ ಎಷ್ಟು. ಇಶಾ ನಮಾಝಿನ ನಂತರ ಅಬ್ಬಾ ಹೇಳುತ್ತಾ ಹೋಗುವುದು, ಇವಳು ಬರೆಯುವುದು. 2008ರವರೆಗೆ ಹಾಗೆ ನಡೆಯಿತು. ಅಷ್ಟರಲ್ಲಿ ಅವಳು ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಚಾಮರಾಜನಗರಕ್ಕೆ ಹೋದಳು. 2011ರಲ್ಲಿ ಅಬ್ಬಾ ತೀರಿಕೊಂಡರು. ಅಂಗಡಿ ಮುಚ್ಚಿ ಸಾಮಾನೆಲ್ಲ ಅಟ್ಟಕ್ಕೇರಿಸಿದೆವು. ನಾನು ಮೊಬೈಲ್ ರಿಪೇರಿಗೆ ಹೊರಳಿದೆ.

ಗುಜರಿಯವನನ್ನು ನಾಳೆ ಬಾ ಎಂದು ಕಳಿಸಿದ ರಾತ್ರಿ ತಂಗಿಗೆ ಫೋನ್ ಮಾಡಿದೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟು ಮಕ್ಕಳಿಗೆ ಕಲಿಸುತ್ತಾಳೆ. ಅವಳ ತಲೆನೋವು ಬೇರೆಯೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. ಅವಳವು 2013ರ ಯಂತ್ರಗಳು. "ಭಯ್ಯಾ, ನಿನ್ನೆ ತನಕ ಚೆನ್ನಾಗಿದ್ದವು, ಇವತ್ತು ಮುದುಕ ಆಗಿಬಿಟ್ಟವು" ಎಂದಳು. ಎರಡು ಯಂತ್ರಗಳಿಗೆ ಆಗಲೇ ಡೆಬಿಯನ್ 13 ಹಾಕಿ ನೋಡಿದ್ದಳು. ಆರಾಮಾಗಿ ಓಡುತ್ತಿದೆಯಂತೆ. ಈಗ ಅದರಲ್ಲಿ ಕನ್ನಡ ಒತ್ತಕ್ಷರ ಸಮೇತ ಚೆಂದಾಗಿ ಮೂಡುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಇವೆ. ಗಡಿಯಾಚೆ ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಮುಕ್ತ ತಂತ್ರಾಂಶ ಹಳೆಯ ಮಾತಾಯಿತು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಬತ್ತೇರಿಯಿಂದ ಗುಂಡ್ಲುಪೇಟೆಗೆ ಶುಂಠಿ ಬಂದಷ್ಟು ಸುಲಭವಾಗಿ ಅದು ಯಾಕೆ ಬರಲಿಲ್ಲವೋ.

ಆದರೆ ಅಟ್ಟದ ಮೇಲಿನ ಯಂತ್ರಕ್ಕೆ ಡೆಬಿಯನ್ 13 ಆಗುವುದಿಲ್ಲ. 32 ಬಿಟ್ಟಿನ ಹಳೆಯ ಪಿ.ಸಿ.ಗಳಿಗೆ ಅದರಲ್ಲಿ ಅನುಸ್ಥಾಪನೆಯ ತಂತ್ರಾಂಶವನ್ನೇ ಕೊಟ್ಟಿಲ್ಲ. ಲಿನಕ್ಸ್ ಹುಟ್ಟಿದ 386ಕ್ಕೇ 2012ರ ಡಿಸೆಂಬರಿನಲ್ಲಿ ಕರ್ನೆಲ್ಲಿನಿಂದ ವಿದಾಯ ಹೇಳಿದರು. ಟೋರ್ವಾಲ್ಡ್ಸ್ ಅವರ ಮೊದಲ ಯಂತ್ರ ಈಗ ಅವರ ಹೊಸ ಲಿನಕ್ಸನ್ನು ಓಡಿಸಲಾರದು. 2025ರ ಏಪ್ರಿಲ್‌ನಲ್ಲಿ ಅದೇ ಇಂಗೊ ಮೋಲ್ನರ್ ಎಂಬ ಅಭಿವೃದ್ಧಿಕಾರರು 486ನ್ನೂ ಕೈಬಿಡುವ ಪ್ರಸ್ತಾವ ಇಟ್ಟರು. ತೆಗೆದುಹಾಕುವ ಸಾವಿರಾರು ಸಾಲುಗಳಲ್ಲಿ ಮೆಟ್ಜೆಂತೆನ್ ಅವರ ಆ ಗಣಿತದ ಸಾಲುಗಳೂ ಇದ್ದವು. ತಂಗಿಯೇ ಇದನ್ನು ಓದಿ ನನಗೆ ಕಳಿಸಿದ್ದಳು, ಕೆಳಗೆ ಏನೂ ಬರೆಯದೆ.

ನನಗೆ ಸಿಟ್ಟು ಬರಲಿಲ್ಲ. ಯಾರೂ ಬಳಸದ ಯಂತ್ರಕ್ಕಾಗಿ ಹೊಸ ಹುಡುಗರು ಎಷ್ಟು ಕಾಲ ತೊಡಕು ಬಿಡಿಸುತ್ತಾ ಕೂರಬೇಕು? ಅಬ್ಬಾನೂ ಕೊನೆಕೊನೆಗೆ ವಾಲ್ವ್ ಸೆಟ್ಟು ತಂದವರಿಗೆ ಬೇಡ ಎನ್ನುತ್ತಿದ್ದರು. ವ್ಯತ್ಯಾಸ ಇರುವುದು ಇಲ್ಲಿ: ವುಡಿಯ ಕಡತಗಳು ಡೆಬಿಯನ್ನಿನ ಹಳೆಯ ಭಂಡಾರದಲ್ಲಿ ಇವತ್ತಿಗೂ ಇವೆ, ಮೂಲ ಬರಹ ಸಮೇತ. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಯವರಂತೂ ಹಳೆಯ ಯಂತ್ರಗಳಿಗೆ ಒಗ್ಗಿಸುವುದನ್ನೇ 1993ರಿಂದ ತಮ್ಮ ಹೆಮ್ಮೆ ಮಾಡಿಕೊಂಡಿದ್ದಾರೆ. ಅವರು ಕೈಬಿಟ್ಟದ್ದನ್ನು ಇನ್ಯಾರೋ ಎತ್ತಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ತಂಗಿಯ ಆರು ಯಂತ್ರಗಳಿಗೆ ಮುಪ್ಪು ಬಂದದ್ದು ದೂರದಲ್ಲಿ ಯಾರೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ.

ಭಾನುವಾರ ತಂಗಿ ಮಗಳನ್ನು ಕರೆದುಕೊಂಡು ಬಂದಳು, ಬಸ್ಸಿನಲ್ಲಿ ಒಂದು ಎಲ್‌ಸಿಡಿ ಮಾನಿಟರನ್ನೂ ತೊಡೆಯ ಮೇಲಿಟ್ಟುಕೊಂಡು. ಪೆಟ್ಟಿಗೆ ಬಿಚ್ಚಿದೆವು. ಮದರ್‌ಬೋರ್ಡಿನ ಬ್ಯಾಟರಿ ಸೋರಿ ಸುತ್ತಲೂ ಹಸಿರು ಕಿಲುಬು. ವಿನಿಗರ್ ಹಚ್ಚಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ನೀರಿನಿಂದ ಒರೆಸಿ, ಬಿಸಿಲಿಗಿಟ್ಟೆವು. ಎರಡು ತಾಮ್ರದ ಗೆರೆ ತಿಂದುಹೋಗಿದ್ದವು. ಅಬ್ಬಾನ ಪೆಟ್ಟಿಗೆಯಿಂದಲೇ ಅವರ ಹಳೆಯ ಸೋಲ್ಡರಿಂಗ್ ಕಡ್ಡಿ ತೆಗೆದು ಕೂದಲೆಳೆಯ ತಂತಿಯಿಂದ ಸೇತುವೆ ಕಟ್ಟಿದೆ. ಬ್ಯಾಟರಿ ಸತ್ತಿದ್ದರಿಂದ ಯಂತ್ರ ತನ್ನ ಡಿಸ್ಕನ್ನೇ ಮರೆತಿತ್ತು. ಸಿಲಿಂಡರ್, ಹೆಡ್, ಸೆಕ್ಟರ್ ಎಷ್ಟೆಷ್ಟು ಎಂದು ಡಿಸ್ಕಿನ ಚೀಟಿಯ ಮೇಲೆ ಅಚ್ಚಾಗಿತ್ತು. ಅದನ್ನು ನೋಡಿ ತುಂಬಿದೆವು, ಇಸವಿ ತಾರೀಕನ್ನೂ ಹೇಳಿಕೊಟ್ಟೆವು.

ಎರಡು ಸಲ ಗರ್ ಎಂದು ನಿಂತಿತು. ಮೂರನೇ ಸಲಕ್ಕೆ ಡಿಸ್ಕು ತಿರುಗಿತು. ಸಾಲುಗಳು ಬೀಳತೊಡಗಿದವು. ಈ ಡಿಸ್ಕನ್ನು ಪರೀಕ್ಷಿಸದೆ ಆರು ಸಾವಿರ ಚಿಲ್ಲರೆ ದಿನಗಳಾಗಿವೆ, ಈಗ ಪರೀಕ್ಷಿಸುತ್ತೇನೆ ಎಂದು ಹೇಳಿ, ಇಪ್ಪತ್ತು ನಿಮಿಷ ತಡಕಾಡಿತು. ಆಮೇಲೆ ಹೆಸರು ಕೇಳಿತು, ಗುಟ್ಟಿನ ಪದ ಕೇಳಿತು. ತಂಗಿ, "ನನಗೆ ನೆನಪಿಲ್ಲ ಭಯ್ಯಾ" ಎನ್ನುತ್ತಲೇ ಕೀಲಿಗಳ ಮೇಲೆ ಬೆರಳಿಟ್ಟಳು. ಬೆರಳುಗಳಿಗೆ ನೆನಪಿತ್ತು.

ಲೆಕ್ಕದ ಕಡತ ತೆರೆಯಿತು. ಮಗಳು ಬಗ್ಗಿ ನೋಡಿ, "ಅಮ್ಮಿ, ಇದು ವಾಟ್ಸ್ಯಾಪ್ ಕನ್ನಡ!" ಎಂದು ಕೂಗಿದಳು. ಅವಳೇ ಕೊನೆಯ ಪುಟದ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ತೆರಕಣಾಂಬಿ ಮೇಷ್ಟ್ರು, ಫಿಲಿಪ್ಸ್, ಬಾಕಿ 40. ಬೇಗೂರಿನ ಹಾಲಿನವರು, ಬಾಕಿ ಇಲ್ಲ. ಹಂಗಳದ ಒಬ್ಬರದ್ದು, ಮರ್ಫಿ ಸೆಟ್ಟು, ವಾಲ್ಯೂಮ್ ಕಂಟ್ರೋಲ್ ಬದಲಿಸಿದೆ, ಬಾಕಿ 35, ಚೀಟಿ ನಂಬರು 1127, ರಿಪೇರಿ ಆಗಿದೆ, ತಗೊಂಡು ಹೋಗಿಲ್ಲ.

ತಂಗಿ ನನ್ನ ಮುಖ ನೋಡಿದಳು. ಇಬ್ಬರೂ ಎದ್ದು ಮರದ ಪೆಟ್ಟಿಗೆಗಳ ಹತ್ತಿರ ಹೋದೆವು. ಮೂರನೆಯದರಲ್ಲಿ, ಹಳೆಯ ಕನ್ನಡ ಪತ್ರಿಕೆಯಲ್ಲಿ ಸುತ್ತಿದ್ದ ಸೆಟ್ಟೊಂದರ ಗುಬುಟಿಗೆ ದಾರದಿಂದ ಕಟ್ಟಿದ ಚೀಟಿ ಇತ್ತು. ಅಬ್ಬಾನ ಕೈಬರಹ, 1127.

ಗುಜರಿಯವನು ಮತ್ತೆ ಬಂದಿದ್ದ. ತೊಟ್ಟಿಲಿನ ಕಬ್ಬಿಣ ಕೊಟ್ಟು ಕಳಿಸಿದೆ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯದೆ, ಮರ್ಫಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಂಗಳದ ಬಸ್ ಹತ್ತಿದೆ.